ಹೆಗಲೇರಿದ ಶಾಲಿನ ಹಾದಿ

ನಮ್ಮ ಸಭೆ ಸಮಾರಂಭಗಳಲ್ಲಿ ಸನ್ಮಾನವೆಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ. ಮಾರ್ಚ್ ತಿಂಗಳ ಸುಡು ಬಿಸಿಲಿರಲಿ, ಮುಚ್ಚಿದ ಸಭಾಭವನದ ಸೆಕೆಯಿರಲಿ, ಸನ್ಮಾನಿತರ ಹೆಗಲಿಗೆ ಶಾಲು ಬೀಳಲೇಬೇಕು. ಅವರು ಎರಡು ನಿಮಿಷ ಅದನ್ನು ಹೊದ್ದು, ಛಾಯಾಗ್ರಾಹಕನತ್ತ ನೋಡಿ ನಕ್ಕು, ಆಮೇಲೆ ಮೆಲ್ಲಗೆ ತೆಗೆದು ಮಡಿಸಿ ಕುರ್ಚಿಯ ಮೇಲಿಡುತ್ತಾರೆ. ಚಳಿಗಾಗಿ ಹುಟ್ಟಿದ ಬಟ್ಟೆಯೊಂದು ಚಳಿಯೇ ಇಲ್ಲದ ಊರಿನಲ್ಲಿ ಗೌರವದ ಗುರುತಾಗಿ ನಿಂತದ್ದು ಹೇಗೆ ಎಂದು ಆ ಗಳಿಗೆಯಲ್ಲಿ ಯಾರೂ ಯೋಚಿಸುವುದಿಲ್ಲ.

ಧನುರ್ಮಾಸ ಬಂದಾಗ ಶಾಲಿಗೆ ಅದರ ಮೂಲ ಕೆಲಸ ಮತ್ತೆ ಸಿಗುತ್ತದೆ. ಬೆಳಗಿನ ವಾಯುವಿಹಾರಕ್ಕೆ ಹೊರಟ ಹಿರಿಯರ ಕಿವಿಗಳಿಗೆ ಮಫ್ಲರ್ ಸುತ್ತಿರುತ್ತದೆ. ಬಸ್ ನಿಲ್ದಾಣದಲ್ಲಿ ಕಾಲೇಜು ಹುಡುಗಿಯರ ಕೊರಳಲ್ಲಿ ಬಣ್ಣ ಬಣ್ಣದ ಸ್ಕಾರ್ಫ್. ಪೆಟ್ಟಿಗೆಯಲ್ಲಿ ಮಲಗಿದ್ದ ಸನ್ಮಾನದ ಶಾಲು ಕೂಡ ಹೊರಬಂದು ಮನೆಯ ಅಜ್ಜಿಯ ಮೈಮೇಲೆ ಕೂರುತ್ತದೆ. ಯಾವುದನ್ನು ಕೊಳ್ಳಬೇಕು, ಹೇಗೆ ಹೊದೆಯಬೇಕು ಎಂಬ ಮಾತು ಅಂಗಡಿಯಲ್ಲೂ ಮನೆಯಲ್ಲೂ ನಡೆಯುವ ಕಾಲ ಇದು. ಈ ಮಾತು ಹೊಸದಲ್ಲ. ಅಕ್ಬರನ ಆಸ್ಥಾನದಲ್ಲಿ ನಡೆದಿದೆ. ನೆಪೋಲಿಯನ್ನನ ಕಾಲದ ಪ್ಯಾರಿಸಿನಲ್ಲಿ ನಡೆದಿದೆ. ಆ ಮಾತಿನ ಪರಿಣಾಮವನ್ನು ಮಾತ್ರ ಪ್ರತಿ ಸಲವೂ ಅನುಭವಿಸಿದವರು ಬೇರೆಯವರು. ಅವರು ಕಾಶ್ಮೀರದ ನೇಕಾರರು.

ಕಂಬಳಿಯೂ ಶಾಲೂ

ಕನ್ನಡ ನಾಡಿನ ಚಳಿ ಮಳೆಗಳಿಗೆ ಮೊದಲಿನಿಂದಲೂ ಉತ್ತರವಾಗಿದ್ದದ್ದು ಕಂಬಳಿ. ದಖ್ಖನಿ ಕುರಿಯ ಒರಟು ಉಣ್ಣೆಯನ್ನು ಕತ್ತರಿಸಿ, ನೂತು, ಕುಳಿಮಗ್ಗದಲ್ಲಿ ನೇಯ್ದು, ಹುಣಿಸೆಬೀಜದ ಗಂಜಿ ಹಾಕಿ ಬಿಗಿ ಮಾಡಿದ ಕಪ್ಪು ಕಂಬಳಿಯನ್ನು ಕುರುಬ ಸಮುದಾಯದವರು ತಲೆತಲಾಂತರದಿಂದ ಮಾಡುತ್ತ ಬಂದಿದ್ದಾರೆ. ಗಂಜಿ ಕುಡಿದ ಆ ನೇಯ್ಗೆ ಸಣ್ಣ ಮಳೆಯನ್ನು ಒಳಗೆ ಬಿಡುವುದಿಲ್ಲ. ಮಲೆನಾಡಿನ ಗದ್ದೆಗಳಲ್ಲಿ ಅದನ್ನೇ ತಲೆಯ ಮೇಲಿಂದ ಕೊಪ್ಪೆಯಾಗಿ ಹಾಕಿಕೊಂಡು ಕೆಲಸ ಮಾಡಿದವರಿದ್ದಾರೆ. ಹಾಸಲು ಅದೇ, ಹೊದೆಯಲು ಅದೇ, ದೇವರ ಗದ್ದುಗೆಗೂ ಅದೇ.

ಶಾಲು ಹಾಗಲ್ಲ. ಅದರ ಹೆಸರೇ ಹೊರಗಿನದು. ಪಾರಸಿಯ 'ಶಾಲ್' ನಮ್ಮಲ್ಲಿ ಶಾಲು ಆಯಿತು, ಇಂಗ್ಲಿಷಿನಲ್ಲಿ ಷಾಲ್ ಆಯಿತು. ನಮ್ಮ ನಾಡಿನಲ್ಲಿ ಅದು ದುಡಿಯುವವರ ಬಟ್ಟೆಗಿಂತ ಹೆಚ್ಚಾಗಿ ದರಬಾರಿನ ಬಟ್ಟೆಯಾಗಿ ಉಳಿಯಿತು. ಮೈಸೂರು ಅರಮನೆಯಲ್ಲಿ ವಿದ್ವಾಂಸರಿಗೂ ಸಂಗೀತಗಾರರಿಗೂ ಖಿಲ್ಲತ್ತು ಕೊಡುವ ಪದ್ಧತಿಯಿತ್ತು. ಖಿಲ್ಲತ್ತು ಎಂದರೆ ದೊರೆ ಕೊಡುವ ಗೌರವದ ಉಡುಪು. ಅದರಲ್ಲಿ ಜೋಡಿ ಶಾಲಿಗೆ ವಿಶೇಷ ಮರ್ಯಾದೆ. ಈ 'ಜೋಡಿ' ಎಂಬ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಶಾಲು ಯಾವ ಹಾದಿಯಿಂದ ಬಂದಿತೆಂಬುದರ ಸುಳಿವು ಅದರಲ್ಲಿದೆ.

ಹೊದೆಯುವ ಬಗೆ

ಕಾಶ್ಮೀರದಲ್ಲಿ ಶಾಲಿನ ಕಸುಬನ್ನು ಬೆಳೆಸಿದವನು 15ನೇ ಶತಮಾನದ ಸುಲ್ತಾನ ಜೈನುಲ್ ಆಬಿದೀನ್ ಎಂಬುದು ಅಲ್ಲಿನ ಸಂಪ್ರದಾಯದ ನಂಬಿಕೆ. ಮಧ್ಯ ಏಷ್ಯಾದಿಂದ ಆತ ಕುಶಲಕರ್ಮಿಗಳನ್ನು ಕರೆಸಿಕೊಂಡನೆಂದು ಹೇಳುತ್ತಾರೆ. ಆದರೆ ಶಾಲಿನ ಬಗ್ಗೆ ವಿವರವಾದ ಬರಹ ಸಿಗುವುದು ಅಕ್ಬರನ ಕಾಲದಿಂದ. 1586ರಲ್ಲಿ ಕಾಶ್ಮೀರ ಮೊಗಲರ ಕೈಸೇರಿತು. ಅಬುಲ್ ಫಜಲ್ ಬರೆದ 'ಐನ್-ಇ-ಅಕ್ಬರಿ'ಯಲ್ಲಿ ಶಾಲುಗಳಿಗೇ ಮೀಸಲಾದ ಭಾಗವೊಂದಿದೆ. ಬಾದಶಹ ಅವುಗಳಿಗೆ 'ಪರ್ಮ್ ನರ್ಮ್' ಎಂಬ ಹೊಸ ಹೆಸರಿಟ್ಟನಂತೆ. ಎಷ್ಟು ಮೃದು ಎಂಬುದನ್ನು ಹೆಸರೇ ಸಾರಬೇಕೆಂಬುದು ಅವನ ಇಷ್ಟವಾಗಿದ್ದಿರಬೇಕು.

ಅಬುಲ್ ಫಜಲ್ ಹೊದೆಯುವ ಬಗೆಯನ್ನೂ ಬರೆದಿದ್ದಾನೆ. ಹಿಂದೆ ಜನ ಶಾಲನ್ನು ನಾಲ್ಕು ಮಡಿಕೆ ಮಾಡಿ ಹೊದೆಯುತ್ತಿದ್ದರು. ತನ್ನ ಕಾಲದಲ್ಲಿ ಮಡಿಸದೆ ಸುಮ್ಮನೆ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಬಾದಶಹನಾದರೋ ಎರಡನ್ನು ಸೇರಿಸಿ ಹೊದೆಯುವುದನ್ನು ಆರಂಭಿಸಿದ್ದಾನೆ, ಅದು ನೋಡಲು ಬಹಳ ಚೆನ್ನಾಗಿರುತ್ತದೆ ಎಂಬುದು ಅವನ ಮಾತಿನ ಸಾರಾಂಶ. ಇದೇ ದೋಶಾಲಾ, ಅಂದರೆ ಜೋಡಿ ಶಾಲು. ಎರಡನ್ನು ಬೆನ್ನಿಗೆ ಬೆನ್ನು ಸೇರಿಸಿದರೆ ನೇಯ್ಗೆಯ ಒರಟು ಹಿಂಬದಿ ಕಾಣುವುದಿಲ್ಲ. ಯಾವ ಕಡೆಯಿಂದ ನೋಡಿದರೂ ಮುಂಬದಿಯೇ. ಮೈಸೂರಿನ ಜೋಡಿ ಶಾಲು ನೆನಪಿಸುವುದು ಈ ಮೊಗಲ್ ದರಬಾರಿನ ಪದ್ಧತಿಯನ್ನು.

1665ರಲ್ಲಿ ಔರಂಗಜೇಬನ ಪರಿವಾರದೊಡನೆ ಕಾಶ್ಮೀರಕ್ಕೆ ಹೋದ ಫ್ರೆಂಚ್ ವೈದ್ಯ ಫ್ರಾಂಸ್ವಾ ಬರ್ನಿಯೆ ಕೂಡ ಶಾಲನ್ನು ಕಣ್ಣರಳಿಸಿ ನೋಡಿದ. ಗಂಡಸರೂ ಹೆಂಗಸರೂ ಚಳಿಗಾಲದಲ್ಲಿ ಅದನ್ನು ತಲೆಗೆ ಸುತ್ತಿ, ಎಡ ಹೆಗಲ ಮೇಲಿಂದ ಇಳಿಬಿಡುತ್ತಾರೆಂದು ಬರೆದ. ಪಟನಾ, ಆಗ್ರಾ, ಲಾಹೋರುಗಳಲ್ಲಿ ಎಷ್ಟು ಪ್ರಯತ್ನಿಸಿದರೂ ಕಾಶ್ಮೀರದ ಶಾಲಿನ ಮೃದುತ್ವ ಬರುವುದಿಲ್ಲ, ಅದು ಅಲ್ಲಿನ ನೀರಿನ ಗುಣವಿರಬೇಕು ಎಂಬ ಮಾತನ್ನೂ ದಾಖಲಿಸಿದ.

ಆಡಿನ ಮೈಯಿಂದ ಮಗ್ಗಕ್ಕೆ

ನೀರಿನ ಗುಣ ಎಷ್ಟಿತ್ತೋ ತಿಳಿಯದು. ಆಡಿನ ಗುಣವಂತೂ ದೊಡ್ಡದು. ಪಶ್ಮ್ ಎಂದರೆ ಪಾರಸಿಯಲ್ಲಿ ಉಣ್ಣೆ. ಪಶ್ಮೀನಾದ ಉಣ್ಣೆ ಬರುವುದು ಕುರಿಯಿಂದಲ್ಲ, ಕಾಶ್ಮೀರ ಕಣಿವೆಯಿಂದಲೂ ಅಲ್ಲ. ಲಡಾಖಿನ ಪೂರ್ವಕ್ಕೂ ಟಿಬೆಟ್ಟಿಗೂ ಹರಡಿರುವ ಚಾಂಗ್‌ಥಾಂಗ್ ಪ್ರಸ್ಥಭೂಮಿಯ ಆಡುಗಳಿಂದ. ಸಮುದ್ರಮಟ್ಟದಿಂದ 4,000 ಮೀಟರಿಗೂ ಎತ್ತರದ ಆ ನೆಲದಲ್ಲಿ ಚಳಿಗಾಲದ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಕ್ಕೂ ಇಳಿಯುತ್ತದೆ. ಆಡಿನ ಹೊರಗೂದಲ ಕೆಳಗೆ ಹತ್ತಿಯಂಥ ಮೆತ್ತನೆಯ ಒಳಗೂದಲು ಬೆಳೆಯುವುದು ಈ ಚಳಿಯನ್ನು ತಾಳುವುದಕ್ಕೆ. ಬೇಸಗೆ ಕಾಲಿಡುವಾಗ ಅದು ತಾನಾಗಿ ಸಡಿಲವಾಗುತ್ತದೆ. ಚಾಂಗ್‌ಪಾ ಎಂಬ ಅಲೆಮಾರಿ ಪಶುಪಾಲಕರು ಬಾಚಣಿಗೆಯಿಂದ ಬಾಚಿ ತೆಗೆಯುತ್ತಾರೆ. ಒಂದು ಆಡಿನಿಂದ ವರ್ಷಕ್ಕೆ ದೊರೆಯುವುದು ಕೆಲವು ನೂರು ಗ್ರಾಂ. ಕೊಳೆ, ಒರಟು ಕೂದಲು ತೆಗೆದ ಮೇಲೆ ಅದೂ ಅರ್ಧಕ್ಕೆ ಇಳಿಯುತ್ತದೆ.

ಈ ಎಳೆಯ ದಪ್ಪ 12ರಿಂದ 16 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲು ಇದರ ಮೂರು ನಾಲ್ಕು ಪಟ್ಟಾದರೂ ದಪ್ಪವಿರುತ್ತದೆ. ಸಣ್ಣ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಾಗ ನಡುವೆ ಲೆಕ್ಕವಿಲ್ಲದಷ್ಟು ಗಾಳಿಗುಳಿಗಳು ಉಳಿಯುತ್ತವೆ. ಮೈಯ ಬಿಸಿಯನ್ನು ಹಿಡಿದಿಡುವುದು ಉಣ್ಣೆಗಿಂತ ಹೆಚ್ಚಾಗಿ ಈ ಅಲುಗಾಡದ ಗಾಳಿ. ಭಾರವಿಲ್ಲದ ಶಾಲು ಭಾರದ ರಗ್ಗಿನಷ್ಟೇ ಬೆಚ್ಚಗಿರುವ ಗುಟ್ಟು ಇದು.

ಈ ಉಣ್ಣೆಗಾಗಿ ಒಪ್ಪಂದಗಳೇ ನಡೆದಿವೆ. 1684ರ ತಿಂಗ್‌ಮೊಸ್‌ಗಾಂಗ್ ಒಪ್ಪಂದದ ಪ್ರಕಾರ ಪಶ್ಚಿಮ ಟಿಬೆಟ್ಟಿನ ಪಶ್ಮ್ ಲಡಾಖಿನ ಮೂಲಕವೇ ಕಾಶ್ಮೀರಕ್ಕೆ ಹೋಗಬೇಕಾಯಿತು. ಶ್ರೀನಗರಕ್ಕೆ ಬಂದ ಉಣ್ಣೆಯನ್ನು ಮನೆಗಳಲ್ಲಿ ಹೆಂಗಸರು ಶುಚಿಮಾಡುತ್ತಿದ್ದರು. ಸಾಬೂನು ಹಾಕಿದರೆ ಎಳೆ ಗಡುಸಾಗುತ್ತದೆಂದು ನೆನೆಸಿದ ಅಕ್ಕಿಯ ಹಿಟ್ಟಿನಲ್ಲಿ ತಿಕ್ಕಿ ಜಿಡ್ಡು ತೆಗೆಯುತ್ತಿದ್ದರು. ಆಮೇಲೆ ರಾಟೆಯ ಮುಂದೆ ಕುಳಿತರೆ ಮನೆಗೆಲಸದ ಬಿಡುವೆಲ್ಲ ಅದಕ್ಕೇ ಸಲ್ಲುತ್ತಿತ್ತು.

ಮುಂದಿನದು ಕಾನಿ ನೇಯ್ಗೆ. ಕಾನಿ ಎಂದರೆ ಬಣ್ಣದ ದಾರ ಸುತ್ತಿದ ಪುಟ್ಟ ಮರದ ಕಡ್ಡಿ. ಸೀರೆ ನೇಯುವ ಲಾಳಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡುತ್ತದೆ. ಕಾನಿ ಹಾಗೆ ಓಡುವುದಿಲ್ಲ. ಒಂದು ಹೂವಿನ ಎಸಳಿಗೆ ಬೇಕಾದಷ್ಟೇ ದೂರ ಹೋಗಿ ಹಿಂದಿರುಗುತ್ತದೆ, ಪಕ್ಕದ ಬಣ್ಣದ ದಾರಕ್ಕೆ ಕೊಂಡಿ ಹಾಕಿಕೊಳ್ಳುತ್ತದೆ. ಒಂದು ಸಾಲು ಮುಗಿಯಲು ನೂರಾರು ಕಡ್ಡಿಗಳನ್ನು ಎತ್ತಿ ಇಡಬೇಕು. ನಕ್ಕಾಶ್ ಎಂಬಾತ ಚಿತ್ರ ಬರೆಯುತ್ತಾನೆ. ಇನ್ನೊಬ್ಬ ಅದನ್ನು ನೋಡಿ ಯಾವ ಬಣ್ಣ ಎಷ್ಟು ಎಳೆ ಎಂದು ಕೂಗಿ ಹೇಳುತ್ತಾನೆ. ಮತ್ತೊಬ್ಬ ಅದನ್ನು ಸಂಕೇತಲಿಪಿಯಲ್ಲಿ ಬರೆದುಕೊಳ್ಳುತ್ತಾನೆ. ಈ ಬರಹದ ಹೆಸರು ತಾಲೀಮು. ನೇಕಾರ ಚಿತ್ರವನ್ನು ನೋಡುವುದೇ ಇಲ್ಲ. ತಾಲೀಮನ್ನು ಓದಿಕೊಂಡು, ಸಂಗೀತಗಾರ ಸ್ವರಲಿಪಿ ನೋಡಿ ನುಡಿಸಿದಂತೆ, ಹೂವನ್ನು ನೇಯುತ್ತಾನೆ.

1822ರಲ್ಲಿ ಕಾಶ್ಮೀರಕ್ಕೆ ಬಂದ ಈಸ್ಟ್ ಇಂಡಿಯಾ ಕಂಪನಿಯ ಪಶುವೈದ್ಯ ವಿಲಿಯಂ ಮೂರ್‌ಕ್ರಾಫ್ಟ್ ಈ ಎಲ್ಲ ಹಂತಗಳನ್ನು ಬಿಡದೆ ಬರೆದಿಟ್ಟಿದ್ದಾನೆ. ಆಗ ಅಲ್ಲಿ ಸಾವಿರಾರು ಮಗ್ಗಗಳಿದ್ದವು. ಕುಸುರಿ ಹೆಚ್ಚಿದ್ದ ಒಂದು ಶಾಲನ್ನು ಒಂದೇ ಮಗ್ಗದಲ್ಲಿ ನೇಯ್ದರೆ ಒಂದೂವರೆ ವರ್ಷ ಹಿಡಿಯುತ್ತಿತ್ತು. ಅದಕ್ಕೆಂದೇ ಒಂದು ಶಾಲನ್ನು ತುಂಡು ತುಂಡಾಗಿ ಹಲವು ಮಗ್ಗಗಳಿಗೆ ಹಂಚಿ, ಕೊನೆಗೆ ರಫೂಗಾರನಿಂದ ಹೊಲಿಗೆ ಕಾಣದಂತೆ ಸೇರಿಸುವ ಪದ್ಧತಿ ಬಂತು.

ಮಾವಿನಕಾಯಿಗೆ ಪೈಸ್ಲಿ ಎಂಬ ಹೆಸರು

ಯುರೋಪಿಗೆ ಶಾಲಿನ ಹುಚ್ಚು ಹಿಡಿದದ್ದು 18ನೇ ಶತಮಾನದ ಕೊನೆಯಲ್ಲಿ. 1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಅವನ ಅಧಿಕಾರಿಗಳು ಅಲ್ಲಿನ ಪೇಟೆಯಿಂದ ಕಾಶ್ಮೀರಿ ಶಾಲುಗಳನ್ನು ಮನೆಗೆ ಕಳಿಸಿದರು. ಅವನ ಪತ್ನಿ ಜೋಸೆಫೀನಳಿಗೆ ಅದು ಬಲು ಮೆಚ್ಚಿಗೆಯಾಯಿತು. ಚಿತ್ರಕಾರ ಗ್ರೋ ರಚಿಸಿದ ಅವಳ ಭಾವಚಿತ್ರದಲ್ಲಿ ಹೆಗಲ ಮೇಲೊಂದು ಶಾಲು ಇರುವುದಷ್ಟೇ ಅಲ್ಲ, ಉಟ್ಟ ಉಡುಪೂ ಶಾಲಿನಿಂದ ಹೊಲಿದದ್ದೇ.

ಅಂದಿನ ಪ್ಯಾರಿಸಿನ ಹೆಂಗಸರು ಉಡುತ್ತಿದ್ದದ್ದು ತೆಳ್ಳನೆಯ ಬಿಳಿ ಮಸ್ಲಿನ್. ಅಲ್ಲಿಯ ಚಳಿಗೆ ಅದು ಸಾಲದು. ಉದ್ದನೆಯ ಶಾಲು ಬೆಚ್ಚಗಿಡುತ್ತಿತ್ತು. ಬಿಳಿಯ ಮೇಲೆ ಕೆಂಪು ಹಳದಿಗಳ ಮೆರುಗನ್ನೂ ಕೊಡುತ್ತಿತ್ತು. ಮೊಣಕೈಗಳ ಮೇಲೆ ಜಾರಲು ಬಿಡುವುದು, ಒಂದು ಹೆಗಲಿಂದ ಇಳಿಬಿಡುವುದು ಮುಂತಾಗಿ ಬಗೆಬಗೆಯಲ್ಲಿ ಹೊದೆಯಲು ಕಲಿತರು. ಕಾಶ್ಮೀರದಲ್ಲಿ ಶಾಲು ಗಂಡಸರ ಬಟ್ಟೆಯೂ ಆಗಿತ್ತು. ಯುರೋಪಿನಲ್ಲಿ ಅದು ಹೆಂಗಸರದೇ ಆಯಿತು. ಸಿರಿವಂತ ಫ್ರೆಂಚ್ ಮನೆತನಗಳಲ್ಲಿ ವರ ವಧುವಿಗೆ ಕೊಡುವ ಉಡುಗೊರೆಗಳ ಸಾಲಿಗೂ ಸೇರಿತು.

ಎಲ್ಲರಿಗೂ ಕಾಶ್ಮೀರದ ಶಾಲು ಕೊಳ್ಳುವ ಶಕ್ತಿಯಿರಲಿಲ್ಲ. ಆಡುಗಳನ್ನೇ ಫ್ರಾನ್ಸಿಗೂ ಬ್ರಿಟನ್ನಿಗೂ ಸಾಗಿಸಿ ಸಾಕುವ ಪ್ರಯತ್ನ ನಡೆಯಿತು; ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಆದ್ದರಿಂದ ವಿನ್ಯಾಸವನ್ನು ನಕಲು ಮಾಡಿದರು. ಎಡಿನ್‌ಬರೋ, ನಾರಿಚ್ ಊರುಗಳ ಮಗ್ಗಗಳು ಮೊದಲಾದವು. 19ನೇ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಎಂಬ ಊರು ಎಲ್ಲರನ್ನೂ ಮೀರಿಸಿತು. ತೂತು ಕೊರೆದ ರಟ್ಟುಗಳಿಂದ ನಡೆಯುವ ಜಕಾರ್ಡ್ ಮಗ್ಗ ಬಂದ ಮೇಲೆ ಕಾಶ್ಮೀರದಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಹೂವು ಅಲ್ಲಿ ಬಲುಬೇಗ ಮುಗಿಯತೊಡಗಿತು.

ಆ ಹೂವಿಗೂ ಒಂದು ಚರಿತ್ರೆಯಿದೆ. 17ನೇ ಶತಮಾನದ ಶಾಲಿನ ಸೆರಗಿನಲ್ಲಿ ಬೇರು ಎಲೆಗಳ ಸಹಿತ ನಿಂತ ಪುಟ್ಟ ಗಿಡವಿತ್ತು. ಆಮೇಲೆ ಅದು ಹೂಗೊಂಚಲಾಯಿತು, ಗೊಂಚಲಿನ ತುದಿ ಬಾಗಿತು, ಸುತ್ತ ಗೆರೆ ಬಿದ್ದು ಬುಟ್ಟಾ ಆಯಿತು. ನಾವು ಅದನ್ನು ಮಾವಿನಕಾಯಿ ಎನ್ನುತ್ತೇವೆ. ನಮ್ಮ ರೇಷ್ಮೆ ಸೀರೆಗಳ ಅಂಚುಗಳಲ್ಲಿ, ರಂಗೋಲಿಯಲ್ಲಿ, ಅಂಗೈಯ ಮದರಂಗಿಯಲ್ಲಿ ಅದು ಮನೆಯ ಮಗಳಂತಿದೆ. ಜಗತ್ತು ಮಾತ್ರ ಅದನ್ನು ಪೈಸ್ಲಿ ಎಂದು ಕರೆಯುತ್ತದೆ. ನಕಲು ಮಾಡಿದ ಊರಿನ ಹೆಸರು ವಿನ್ಯಾಸಕ್ಕೆ ಅಂಟಿತು. ಉಣ್ಣೆಗಾದರೋ ಅದನ್ನು ನೇಯ್ದ ನಾಡಿನ ಹೆಸರೇ ಉಳಿದು ಕ್ಯಾಶ್ಮಿಯರ್ ಆಯಿತು.

ಮುದ್ರೆಯ ತೆರಿಗೆ

ಪ್ಯಾರಿಸಿನಲ್ಲಿ ಶಾಲಿನ ಬೆಲೆ ಏರಿದಂತೆ ಕಾಶ್ಮೀರದ ನೇಕಾರನ ಬಾಳು ಹಸನಾಯಿತೇ? ಇಲ್ಲ ಎಂಬುದೇ ಈ ಕಥೆಯ ಕಹಿ ಭಾಗ.

ಅಫ್ಘನ್ನರ ಆಳ್ವಿಕೆಯಲ್ಲಿ, 18ನೇ ಶತಮಾನದ ಉತ್ತರಾರ್ಧದಲ್ಲಿ, ದಾಗ್ ಶಾಲ್ ಎಂಬ ತೆರಿಗೆ ಬಂತು. ದಾಗ್ ಎಂದರೆ ಮುದ್ರೆ. ಸರ್ಕಾರದ ಮುದ್ರೆ ಬೀಳದೆ ಶಾಲು ಮಾರುವಂತಿಲ್ಲ. ಸುಂಕ ಕಟ್ಟದೆ ಮುದ್ರೆ ಬೀಳುವುದಿಲ್ಲ. 1819ರಲ್ಲಿ ಸಿಖ್ಖರು ಬಂದರು, ತೆರಿಗೆ ಉಳಿಯಿತು. 1846ರ ಮಾರ್ಚಿಯಲ್ಲಿ ಅಮೃತಸರದ ಒಪ್ಪಂದದ ಮೂಲಕ ಬ್ರಿಟಿಷರು 75 ಲಕ್ಷ ರೂಪಾಯಿಗೆ ಕಾಶ್ಮೀರವನ್ನು ಗುಲಾಬ್ ಸಿಂಗನಿಗೆ ವಹಿಸಿಕೊಟ್ಟರು. ಆ ಒಪ್ಪಂದದಲ್ಲಿ ಒಂದು ಸ್ವಾರಸ್ಯವಿದೆ. ಮಹಾರಾಜ ಪ್ರತಿವರ್ಷ ಬ್ರಿಟಿಷ್ ಸರ್ಕಾರಕ್ಕೆ ಒಂದು ಕುದುರೆ, ಹನ್ನೆರಡು ಶಾಲಿನ ಆಡು ಮತ್ತು ಮೂರು ಜೋಡಿ ಕಾಶ್ಮೀರಿ ಶಾಲುಗಳನ್ನು ಕಾಣಿಕೆಯಾಗಿ ಒಪ್ಪಿಸಬೇಕಿತ್ತು. ಇಲ್ಲಿಯೂ ಲೆಕ್ಕ ಜೋಡಿಯಲ್ಲೇ. ಹೀಗೆ ಬಂದ ಶಾಲುಗಳನ್ನು ವಿಕ್ಟೋರಿಯಾ ರಾಣಿ ಮದುವೆಯ ಉಡುಗೊರೆಯಾಗಿ ಆಪ್ತರಿಗೆ ಕೊಡುತ್ತಿದ್ದಳು.

ರಾಣಿಯ ಅರಮನೆ ಸೇರಿದ ಶಾಲನ್ನು ನೇಯ್ದವನ ಸ್ಥಿತಿಯೇನು? ಅವನು ಕಾರಖಾನೆದಾರನ ಸಾಲಗಾರ. ತಿಂಗಳ ದುಡಿಮೆಯ ದೊಡ್ಡ ಪಾಲು ತೆರಿಗೆಗೆ ಹೋಗುತ್ತಿತ್ತು. ಅಕ್ಕಿಯನ್ನು ಸರ್ಕಾರದಿಂದಲೇ, ಅದು ಹೇಳಿದ ಬೆಲೆಗೆ ಕೊಳ್ಳಬೇಕಿತ್ತು. ಮಗ್ಗ ಬಿಟ್ಟು ಬೇರೆ ಕಸುಬಿಗೆ ಹೋಗುವ ಸ್ವಾತಂತ್ರ್ಯವೂ ಇರಲಿಲ್ಲ. 1847ರಲ್ಲಿ ಸುಮಾರು ನಾಲ್ಕು ಸಾವಿರ ನೇಕಾರರು ಮಗ್ಗ ನಿಲ್ಲಿಸಿ ಲಾಹೋರಿನತ್ತ ಹೊರಟುಬಿಟ್ಟರು. ಮಹಾರಾಜ ಕೆಲವು ರಿಯಾಯತಿಗಳನ್ನು ಘೋಷಿಸಿದ. ಮೂಲ ಕಷ್ಟ ತೀರಲಿಲ್ಲ.

1865ರ ಏಪ್ರಿಲ್ 29ರಂದು ಶ್ರೀನಗರದ ನೇಕಾರರು ಬೀದಿಗಿಳಿದರು. ದಾಗ್ ಶಾಲ್ ಇಲಾಖೆಯ ಮುಖ್ಯಸ್ಥನ ಪ್ರತಿಕೃತಿಯನ್ನು ಹೊತ್ತು ಜಾಲ್‌ದಗರ್ ಮೈದಾನದಲ್ಲಿ ಸೇರಿ ಅದಕ್ಕೆ ಬೆಂಕಿ ಕೊಟ್ಟರು. ಸೈನಿಕರು ಬಂದು ಸುತ್ತುವರಿದರು. ಈಟಿಗಳ ಮುಂದೆ ಓಡಿದ ಜನ ಕಾಲುವೆಯ ಸೇತುವೆಯ ಬಳಿ ಸಿಕ್ಕಿಬಿದ್ದು ನೀರಿಗೆ ಉರುಳಿದರು. ಅಂದು 28 ಮಂದಿ ಸತ್ತರೆಂದು ಹೇಳುತ್ತಾರೆ. ಮುಖಂಡರು ಸೆರೆಮನೆ ಸೇರಿದರು. ಇಡೀ ಜಗತ್ತು ಮೇ ದಿನದ ಮೂಲಕ ನೆನೆಯುವ ಷಿಕಾಗೋ ಕಾರ್ಮಿಕರ ಹೋರಾಟ ನಡೆದದ್ದು 1886ರಲ್ಲಿ, ಇದಾದ 21 ವರ್ಷಗಳ ಮೇಲೆ. ಜಾಲ್‌ದಗರ್ ಹೆಸರನ್ನು ಕಾಶ್ಮೀರದ ಹೊರಗೆ ಕೇಳಿದವರು ಕಡಿಮೆ.

ಉಡುಪಿನ ರೀತಿ ಬದಲಾದಾಗ

ನೇಕಾರರನ್ನು ಕೊನೆಗೆ ಕೆಡವಿದ್ದು ತೆರಿಗೆಯೊಂದೇ ಅಲ್ಲ. 1850ರ ದಶಕದಲ್ಲಿ ಯುರೋಪಿನ ಹೆಂಗಸರು ಪಂಜರದಂಥ ಅಗಲವಾದ ಲಂಗ ತೊಡುತ್ತಿದ್ದರು. ಅದರ ಮೇಲೆ ಕೋಟು ಕೂರುವುದಿಲ್ಲ; ದೊಡ್ಡ ಶಾಲನ್ನು ಮಡಿಸಿ ಬೆನ್ನ ಮೇಲೆ ಹರಡಿದರೆ ಚೆಂದ ಕಾಣುತ್ತಿತ್ತು. 1870ರ ಸುಮಾರಿಗೆ ಲಂಗದ ಮುಂಭಾಗ ಚಪ್ಪಟೆಯಾಯಿತು, ಅಂದವೆಲ್ಲ ಹಿಂಬದಿಯ ನೆರಿಗೆಗಳಿಗೆ ಹೋಯಿತು. ಶಾಲು ಹೊದ್ದರೆ ಆ ನೆರಿಗೆ ಮುಚ್ಚಿಹೋಗುತ್ತದೆ! ಹೀಗೆ ಶಾಲಿಗೆ ಹೆಗಲ ಮೇಲೆ ಜಾಗ ತಪ್ಪಿತು. ಅದೇ ಹೊತ್ತಿಗೆ 1870-71ರ ಫ್ರಾನ್ಸ್-ಪ್ರಷ್ಯಾ ಯುದ್ಧ ನಡೆದು ಪ್ಯಾರಿಸಿನ ಮಾರುಕಟ್ಟೆಯೇ ಕುಸಿಯಿತು. ಅಗ್ಗದ ನಕಲಿ ಶಾಲುಗಳು ಮನೆಮನೆಗೂ ಬಂದಿದ್ದರಿಂದ ಸಿರಿವಂತರಿಗೆ ಅಸಲಿಯೂ ಬೇಡವಾಯಿತು. ಬೆಲೆಬಾಳುವ ಶಾಲುಗಳು ಪಿಯಾನೋ ಮುಚ್ಚುವ ಬಟ್ಟೆಗಳಾದವು.

ಪೈಸ್ಲಿಯ ನೇಕಾರರಿಗೂ ಇದರಿಂದ ಸುಖವಾಗಲಿಲ್ಲ. 1840ರ ದಶಕದ ಆರಂಭದಲ್ಲೇ ಆ ಊರು ಒಮ್ಮೆ ದಿವಾಳಿಯೆದ್ದಿತ್ತು. 1870ರ ನಂತರ ಅಲ್ಲಿನ ಶಾಲಿನ ಮಗ್ಗಗಳೂ ಒಂದೊಂದಾಗಿ ನಿಂತವು. ಕಾಶ್ಮೀರದ ಗತಿ ಇನ್ನೂ ಕ್ರೂರ. ಬೇಡಿಕೆ ನಿಂತ ಕೆಲವೇ ವರ್ಷಗಳಲ್ಲಿ, 1877ರಿಂದ 79ರವರೆಗೆ, ಭೀಕರ ಕ್ಷಾಮ ಬಂತು. ಹೊಲವಿಲ್ಲದ, ಮಗ್ಗ ಬಿಟ್ಟರೆ ಬೇರೇನೂ ತಿಳಿಯದ ನೇಕಾರರೇ ಅದಕ್ಕೆ ಮೊದಲು ಬಲಿಯಾದವರ ಸಾಲಿನಲ್ಲಿದ್ದರು. ಉಳಿದವರಲ್ಲಿ ಅನೇಕರು ರತ್ನಗಂಬಳಿಯ ಮಗ್ಗಕ್ಕೆ ಹೋದರು. ಅದಕ್ಕೂ ಹಿಂದಿನಿಂದಲೇ, ಬರ ಮತ್ತು ತೆರಿಗೆಗಳಿಗೆ ಬೇಸತ್ತ ಹಲವರು ಬೆಟ್ಟ ಇಳಿದು ಅಮೃತಸರ, ಲುಧಿಯಾನಗಳಲ್ಲಿ ನೆಲೆಸಿದ್ದರು.

ಕಸುಬು ಪೂರ್ತಿ ಸಾಯಲಿಲ್ಲ. 1803ರ ಸುಮಾರಿಗೆ ಖ್ವಾಜಾ ಯೂಸುಫ್ ಎಂಬ ಅರ್ಮೇನಿಯದ ವ್ಯಾಪಾರಿ, ನೇಯುವ ಬದಲು ಸೂಜಿಯಿಂದ ಕಸೂತಿ ಮಾಡಿಸುವ ಪದ್ಧತಿಯನ್ನು ಬೆಳೆಸಿದ್ದ. ಅದು ಅಗ್ಗ, ತೆರಿಗೆಯ ಹೊರೆಯೂ ಕಡಿಮೆ. ಇಂದು ನಾವು ನೋಡುವ ಕಾಶ್ಮೀರಿ ಶಾಲುಗಳಲ್ಲಿ ಹೆಚ್ಚಿನವು ಈ ಸೂಜಿಯ ಕೆಲಸದವು. ಕಾನಿ ನೇಯ್ಗೆ ಶ್ರೀನಗರದ ಬಳಿಯ ಕಾನಿಹಾಮಾದಂಥ ಕೆಲವು ಹಳ್ಳಿಗಳಲ್ಲಿ ಉಳಿದುಕೊಂಡು ಬಂದಿದೆ.

ಉಂಗುರದ ಶಾಲು

ಶಾಲೆಂದೊಡನೆ 'ಉಂಗುರದೊಳಗೆ ತೂರುವ ಶಾಲು' ಎಂಬ ಮಾತು ಬಂದೇ ಬರುತ್ತದೆ. ಅದು ಶಾಹ್‌ತೂಶ್, ಅಂದರೆ ಉಣ್ಣೆಗಳ ರಾಜ. ಈ ಉಣ್ಣೆ ಸಾಕಿದ ಆಡಿನದಲ್ಲ. ಟಿಬೆಟ್ಟಿನ ಪ್ರಸ್ಥಭೂಮಿಯ ಚಿರು ಎಂಬ ಕಾಡುಪ್ರಾಣಿಯದು. ಚಿರು ಪೊದೆಗೆ ಮೈ ಉಜ್ಜಿದಾಗ ಅಂಟಿದ ಕೂದಲನ್ನು ಆರಿಸಿ ತರುತ್ತಾರೆಂದು ವ್ಯಾಪಾರಿಗಳು ಬಹುಕಾಲ ಹೇಳುತ್ತಿದ್ದರು. ಆ ಬಯಲಿನಲ್ಲಿ ಅಂಥ ಪೊದೆಗಳೇ ಅಪರೂಪ. ವನ್ಯಜೀವಿ ತಜ್ಞ ಜಾರ್ಜ್ ಷಾಲರ್ 1980ರ ದಶಕದಿಂದ ಅಲ್ಲಿ ನಡೆಸಿದ ಅಧ್ಯಯನ ಸತ್ಯವನ್ನು ಹೊರಗಿಟ್ಟಿತು. ಚಿರುವನ್ನು ಹಿಡಿದು ಬಾಚಲಾಗದು, ಕೊಂದೇ ಕೂದಲು ತೆಗೆಯಬೇಕು. ಒಂದು ಶಾಲಿಗೆ ಮೂರರಿಂದ ಐದು ಪ್ರಾಣಿಗಳ ಜೀವ ಹೋಗುತ್ತದೆ. ಹಿಂದೆ ಲಕ್ಷಗಟ್ಟಲೆ ಇದ್ದ ಚಿರುಗಳು 1990ರ ದಶಕದ ನಡುವಿನ ಹೊತ್ತಿಗೆ ಸುಮಾರು 75,000ಕ್ಕೆ ಇಳಿದಿದ್ದವೆಂದು ಅಂದಾಜಾಯಿತು.

ಅಂತರರಾಷ್ಟ್ರೀಯ ಒಪ್ಪಂದ 1979ರಿಂದಲೇ ಇದರ ವ್ಯಾಪಾರವನ್ನು ನಿಷೇಧಿಸಿತ್ತು. ಜಮ್ಮು-ಕಾಶ್ಮೀರದ ಪ್ರತ್ಯೇಕ ಕಾನೂನು 2002ರಲ್ಲಿ ತಿದ್ದುಪಡಿಯಾದ ಮೇಲೆ ಅಲ್ಲಿಯೂ ಬಾಗಿಲು ಮುಚ್ಚಿತು. ಕಾವಲು ಬಿಗಿಯಾದ ಮೇಲೆ ಚಿರುಗಳ ಸಂಖ್ಯೆ ಚೇತರಿಸಿಕೊಂಡಿದೆ. ಆದರೆ ಶಾಹ್‌ತೂಶ್ ನೇಯುತ್ತಿದ್ದ ಸಾವಿರಾರು ಮನೆಗಳು ಮತ್ತೊಮ್ಮೆ ಕೆಲಸ ಕಳೆದುಕೊಂಡವು. ಪ್ರಾಣಿಯ ಜೀವವೂ ದೊಡ್ಡದು, ನೇಕಾರನ ಅನ್ನವೂ ದೊಡ್ಡದು. ಕೊಳ್ಳುವವನ ಷೋಕಿಗೆ ಬೆಲೆ ತೆತ್ತದ್ದು ಇಲ್ಲಿಯೂ ಅವರಿಬ್ಬರೇ.

ಕೊಳ್ಳುವ ಮುನ್ನ

ಇಷ್ಟೆಲ್ಲ ತಿಳಿದ ಮೇಲೆ ಅಂಗಡಿಯ ಮುಂದೆ ನಿಂತವರು ಏನು ಮಾಡಬೇಕು? ಮೊದಲು, ಉಂಗುರದ ಪರೀಕ್ಷೆಯನ್ನು ನಂಬಬಾರದು. ತೆಳುವಾದ ರೇಯಾನ್ ಬಟ್ಟೆಯೂ ಉಂಗುರದಲ್ಲಿ ತೂರುತ್ತದೆ. ಶಾಹ್‌ತೂಶ್ ಎಂದು ಯಾರಾದರೂ ಗುಟ್ಟಾಗಿ ತೋರಿಸಿದರೆ ಅದು ಸುಳ್ಳು, ಇಲ್ಲವೇ ಅಪರಾಧ. ಕೆಲವೇ ನೂರು ರೂಪಾಯಿಗೆ ಸಿಗುವ 'ಪಶ್ಮೀನಾ' ಪಶ್ಮೀನಾ ಅಲ್ಲ, ಹೆಸರಷ್ಟೇ ಅದರದು. ಕೈಯಲ್ಲಿ ನೂತ ದಾರ ಯಂತ್ರದ ದಾರದಷ್ಟು ಒಂದೇ ಸಮನಾಗಿರುವುದಿಲ್ಲ. ಬೆಳಕಿಗೆ ಹಿಡಿದರೆ ಸಣ್ಣ ಏರುಪೇರು ಕಾಣುತ್ತದೆ. ಅದು ದೋಷವಲ್ಲ, ಒಬ್ಬ ಹೆಂಗಸಿನ ಕೈಯ ಗುರುತು. ಕಾಶ್ಮೀರ ಪಶ್ಮೀನಾಕ್ಕೆ 2008ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಶ್ರೀನಗರದಲ್ಲಿ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಮುದ್ರೆ ಹಾಕಿ ಕೊಡುವ ವ್ಯವಸ್ಥೆಯಿದೆ. ಒಂದು ಕಾಲದಲ್ಲಿ ನೇಕಾರನನ್ನು ಹಿಂಡಲು ಬಳಕೆಯಾದ ಮುದ್ರೆ ಈಗ ಅವನನ್ನು ನಕಲಿನಿಂದ ಕಾಯಲು ಬಳಕೆಯಾಗುತ್ತಿರುವುದು ಒಳ್ಳೆಯ ಬದಲಾವಣೆ.

ನಮ್ಮ ಊರುಗಳ ಚಳಿಗೆ ಪಶ್ಮೀನಾವೇ ಬೇಕೆಂದೂ ಇಲ್ಲ. ಬೆಂಗಳೂರು, ಮೈಸೂರುಗಳ ಜನವರಿಗೆ ಸಾಧಾರಣ ಉಣ್ಣೆಯ ಶಾಲು ಸಾಕು. ಬಸ್ಸಿನ ಗಾಳಿಗೆ ಕೊರಳಿಗೆ ಎರಡು ಸುತ್ತು ಬರುವಷ್ಟು ಉದ್ದದ ಮಫ್ಲರ್ ಸಾಕು. ಕೊರಳನ್ನೂ ಕಿವಿಯನ್ನೂ ಮುಚ್ಚಿದರೆ ಚಳಿ ಅರ್ಧ ದೂರವಾಗುತ್ತದೆ. ಬಿಗಿಯಾಗಿ ಸುತ್ತುವುದಕ್ಕಿಂತ ಸಡಿಲವಾಗಿ ಸುತ್ತಿದರೆ ನಡುವೆ ಗಾಳಿಯ ಪದರ ಉಳಿದು ಹೆಚ್ಚು ಬೆಚ್ಚಗಿರುತ್ತದೆ. ಉಣ್ಣೆಯನ್ನು ತಣ್ಣೀರಿನಲ್ಲಿ ಮೆಲ್ಲಗೆ ಒಗೆದು, ಹಿಂಡದೆ, ನೇತುಹಾಕದೆ, ನೆರಳಿನಲ್ಲಿ ಹರಡಿ ಒಣಗಿಸಬೇಕು. ಹತ್ತಿ ಬಟ್ಟೆಯಲ್ಲಿ ಸುತ್ತಿ ಇಟ್ಟು, ನಡುನಡುವೆ ತೆಗೆದು ಗಾಳಿಗೆ ಹಿಡಿದರೆ ನುಸಿಯ ಕಾಟ ತಪ್ಪುತ್ತದೆ.

ಚಳಿಗಾಲ ಬಂತೆಂದರೆ ನಮ್ಮ ಊರುಗಳ ಪಾದಚಾರಿ ಮಾರ್ಗಗಳಲ್ಲಿ ಟಿಬೆಟನ್ನರು ಉಣ್ಣೆಯ ಬಟ್ಟೆ ಹರಡಿ ಕೂರುತ್ತಾರೆ. ಇವರಲ್ಲಿ ಅನೇಕರು 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆ ಕಂಡ ಕುಟುಂಬಗಳವರು. ಅವರು ಮಾರುವ ಮಫ್ಲರುಗಳು ಬರುವುದು ಬಹುಪಾಲು ಲುಧಿಯಾನದ ಕಾರ್ಖಾನೆಗಳಿಂದ. ಆ ಊರಿನ ಉಣ್ಣೆಯ ಕಸುಬಿನ ಬೇರುಗಳಲ್ಲೊಂದು, 19ನೇ ಶತಮಾನದಲ್ಲಿ ಹಸಿವಿಗೂ ತೆರಿಗೆಗೂ ಹೆದರಿ ಬೆಟ್ಟ ಇಳಿದು ಬಂದ ಕಾಶ್ಮೀರಿ ನೇಕಾರರದು. ಪಶ್ಮ್ ಬೆಳೆಯುವ ನಾಡನ್ನು ಬಿಟ್ಟು ಬಂದವರು, ಪಶ್ಮ್ ನೇಯುವ ನಾಡನ್ನು ಬಿಟ್ಟು ಬಂದವರ ಕಸುಬಿನ ಸರಕನ್ನು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ನಮಗೆ ಮಾರುತ್ತಿದ್ದಾರೆ.

ರೇಷ್ಮೆ ಶಾಲಿನಲ್ಲಿ ಸುತ್ತಿ ಹೊಡೆದಂತೆ ಎಂಬ ಗಾದೆ ನಮ್ಮಲ್ಲಿದೆ. ಹೊಗಳಿಕೆಯ ನಡುವೆ ಪೆಟ್ಟು ಕೊಡುವವರನ್ನು ಕುರಿತ ಮಾತದು. ಕಾಶ್ಮೀರದ ನೇಕಾರನಿಗೆ ಮುನ್ನೂರು ವರ್ಷ ಸಿಕ್ಕದ್ದು ಅಂಥದೇ ಗೌರವ. ಅವನ ಕೈಚಳಕವನ್ನು ಕೊಂಡಾಡದ ದೊರೆಯಿಲ್ಲ. ಅವನ ಹೊಟ್ಟೆಯನ್ನು ವಿಚಾರಿಸಿದವರು ವಿರಳ. ಮುಂದಿನ ಸಲ ಸಭೆಯಲ್ಲಿ ಯಾರ ಹೆಗಲಿಗಾದರೂ ಶಾಲು ಬಿದ್ದಾಗ, ಅಥವಾ ಬೀದಿಬದಿಯಲ್ಲಿ ಮಫ್ಲರಿನ ಬೆಲೆ ಚೌಕಾಸಿ ಮಾಡುವಾಗ, ಅವನನ್ನು ಒಂದು ಗಳಿಗೆ ನೆನೆದರೆ ಅಷ್ಟರಮಟ್ಟಿಗೆ ಸನ್ಮಾನ ಸಲ್ಲಬೇಕಾದವನಿಗೆ ಸಂದಂತೆ.